ನಾಲ್ಕು ಲೀಟರ್ ಎಲ್ಲಿ ಹೋಯಿತು?

ವಾರಕ್ಕೆ ನಾಲ್ಕು ಲೀಟರ್. ನಮ್ಮ ಬಾವಿಯಿಂದ ಅಷ್ಟು ದ್ರವ ಎಲ್ಲೋ ಹೋಗುತ್ತಿತ್ತು. ಎರಡು ಕಿಲೋಮೀಟರ್ ಆಳದ ಬಾವಿಗೆ ಇದೇನು ಲೆಕ್ಕ ಅನ್ನಿಸಬಹುದು. ಅದನ್ನು ಹುಡುಕೋಕೆ ನನಗೆ ಒಂದು ಚಳಿಗಾಲ ಪೂರ್ತಿ ಬೇಕಾಯಿತು.

ನಾನು ಕೆಲಸ ಮಾಡೋದು ಅಮೆರಿಕದ ನಾರ್ತ್ ಡಕೋಟದಲ್ಲಿ. ಕಾರ್ಖಾನೆಯ ಕಾರ್ಬನ್ ಡೈಆಕ್ಸೈಡನ್ನು ಗಾಳಿಗೆ ಬಿಡದೆ ಒತ್ತಿ, ಬ್ರೂಮ್ ಕ್ರೀಕ್ ಅನ್ನುವ ಮರಳುಗಲ್ಲಿನ ಪದರಕ್ಕೆ ಇಳಿಸುತ್ತೇವೆ. ನಮ್ಮ ಭಾವ ಚಿತ್ರದುರ್ಗದಲ್ಲಿ ಬೋರ್‌ವೆಲ್ ಲಾರಿ ಇಟ್ಟಿದ್ದಾರೆ. "ನಾವು ಮೇಲೆ ತೆಗೀತೀವಿ, ನೀನು ಕೆಳಗೆ ತುಂಬ್ತೀಯ. ಕೇಸಿಂಗ್ ಎಷ್ಟು ಅಡಿ ಬಿಡ್ತೀರಪ್ಪ?" ಅಂತ ಕೇಳಿದರು. ತಳದವರೆಗೂ ಅಂದೆ. ನಂಬಲೇ ಇಲ್ಲ.

ಕೇಸಿಂಗ್ ಅಂದರೆ ಬಾವಿಯ ಗೋಡೆಗೆ ಇಳಿಸುವ ಉಕ್ಕಿನ ಪೈಪು. ಅದರ ಹೊರಗೆ ಸಿಮೆಂಟ್. ಕೇಸಿಂಗ್ ಒಳಗೆ ಇನ್ನೊಂದು ಸಣ್ಣ ಪೈಪು, ಅದೇ ಟ್ಯೂಬಿಂಗ್. ಅನಿಲ ಹೋಗುವುದು ಅದರಲ್ಲಿ. ತಳದ ಹತ್ತಿರ ಎರಡರ ನಡುವೆ ರಬ್ಬರಿನ ಬಿಗಿ, ಅಂದರೆ ಪ್ಯಾಕರ್. ಉಳಿದ ಸಂದಿಯೇ ಆನ್ಯುಲಸ್. ಅದರಲ್ಲಿ ತುಕ್ಕು ಹಿಡಿಯದಂಥ ದ್ರವ ತುಂಬಿ, ಟ್ಯೂಬಿಂಗ್‌ಗಿಂತ ಜಾಸ್ತಿ ಒತ್ತಡದಲ್ಲಿ ಇಟ್ಟಿರುತ್ತೇವೆ. ಟ್ಯೂಬಿಂಗ್ ತೂತಾದರೂ ಈ ದ್ರವ ಒಳಗೆ ಹೋಗುತ್ತದೆ, ಅನಿಲ ಹೊರಗೆ ಬರುವುದಿಲ್ಲ. ಈ ಒತ್ತಡವನ್ನು ಹಗಲೂ ರಾತ್ರಿ ಅಳೆಯಲೇಬೇಕು ಅಂತ ಇಲ್ಲಿ ಕಾನೂನೇ ಇದೆ.

ತೊಂದರೆ ಏನಂದರೆ, ಈ ಒತ್ತಡ ಸುಮ್ನೆ ಸುಮ್ನೆ ಏರಿಳಿಯುತ್ತದೆ. ಮುಚ್ಚಿದ ಸಂದಿಯಲ್ಲಿ ನೀರು ಒಂದು ಡಿಗ್ರಿ ತಣ್ಣಗಾದರೆ ಒತ್ತಡ ಕೆಲವು ಬಾರ್ ಇಳಿಯಬಹುದು. ಹೊರಗೆ ಮೈನಸ್ 30 ಡಿಗ್ರಿ. ಕಂಪ್ರೆಸರ್ ನಿಂತಾಗಲೆಲ್ಲ ಬಾವಿಯ ಮೇಲ್ಭಾಗ ತಣ್ಣಗಾಗುತ್ತಿತ್ತು, ಅಲಾರ್ಮ್ ಬಡಿಯುತ್ತಿತ್ತು. ಪಾಳಿಯ ಹುಡುಗರು ಸ್ವಲ್ಪ ದ್ರವ ತುಂಬಿ, "ಚಳಿ" ಅಂತ ಬರೆದಿಡುತ್ತಿದ್ದರು. ನಾನೂ ಅದಕ್ಕೆ ಸಹಿ ಹಾಕಿದ್ದೇನೆ.

ಡಿಸೆಂಬರ್‌ನಲ್ಲಿ ಒಂದು ದಿನ ಬೇರೆ ಕೆಲಸ ಇರಲಿಲ್ಲ. ಒತ್ತಡದ ಗೆರೆ ಬಿಟ್ಟು, ಆನ್ಯುಲಸ್‌ಗೆ ದ್ರವ ತುಂಬುವ ತೊಟ್ಟಿಯ ಮಟ್ಟದ ಲೆಕ್ಕ ತೆಗೆದೆ. ತುಂಬಿದ್ದೆಷ್ಟು, ಬಿಸಿಯಾದಾಗ ಬಿಟ್ಟಿದ್ದೆಷ್ಟು? ಬರೀ ಚಳಿಯಾದರೆ ಎರಡೂ ಸರಿಹೋಗಬೇಕು, ಅಲ್ವಾ? ಹೋಗಲಿಲ್ಲ. ತುಂಬಿದ್ದೇ ಜಾಸ್ತಿ.

ಆಗ ನಿಜಕ್ಕೂ ಹೆದರಿಕೆಯಾಯಿತು. ಪ್ಯಾಕರ್ ಸೋರಿರಬಹುದು, ಟ್ಯೂಬಿಂಗ್ ಸೋರಿರಬಹುದು. ಕೇಸಿಂಗ್ ತೂತಾಗಿದ್ದರೆ ಕಥೆ ಬೇರೆ. ಇಲಿನಾಯ್‌ನ ಡೆಕೇಟರ್‌ನಲ್ಲಿ, ಇಂಥದ್ದೇ ಯೋಜನೆಯ ಮೇಲೆ ನಿಗಾ ಇಡೋಕೆಂದೇ ಕೊರೆದ ಬಾವಿಯೊಂದರಲ್ಲಿ ತುಕ್ಕು ಹಿಡಿದು ದ್ರವ ಹೋಗಬಾರದ ಪದರಕ್ಕೆ ಸೋರಿದ್ದು 2024ರಲ್ಲಿ ಬಯಲಾಯಿತು, ಅದು ನಮ್ಮ ವೃತ್ತಿಯವರಿಗೆಲ್ಲ ಗೊತ್ತು. ಈ ಅನಿಲ ಒಣಗಿದ್ದರೆ ಉಕ್ಕಿಗೆ ಏನೂ ಮಾಡದು. ನೀರು ಸೇರಿದರೆ ಆಸಿಡ್. ಸಿಮೆಂಟಿನ ಬಗ್ಗೆ ನನಗೆ ಅಷ್ಟು ಚಿಂತೆ ಇರಲಿಲ್ಲ. ಟೆಕ್ಸಸ್‌ನ ಸ್ಯಾಕ್‌ರಾಕ್ ತೈಲಕ್ಷೇತ್ರದಲ್ಲಿ 30 ವರ್ಷ ಈ ಅನಿಲದ ಜೊತೆಗಿದ್ದ ಸಿಮೆಂಟನ್ನು ಕೊರೆದು ತೆಗೆದು ನೋಡಿದ್ದಾರೆ. ಬಣ್ಣ ಬದಲಾಗಿತ್ತು, ಆದರೂ ತಡೆ ಹಿಡಿದಿತ್ತು. ಅನಿಲ ನುಸುಳಿದ ಗುರುತು ಇದ್ದದ್ದು ಸಿಮೆಂಟ್ ಉಕ್ಕನ್ನೂ ಬಂಡೆಯನ್ನೂ ಸೇರುವ ಅಂಚುಗಳಲ್ಲಿ.

ಮೊದಲು ಅಗ್ಗದ ಪರೀಕ್ಷೆ. ಟ್ಯೂಬಿಂಗ್ ಒತ್ತಡವನ್ನು ಬೇಕೆಂದೇ ಏರಿಸಿ ಇಳಿಸಿದೆವು. ಆನ್ಯುಲಸ್ ಸೋರುವ ವೇಗ ಬದಲಾಗಲಿಲ್ಲ. ಅಂದರೆ ದ್ರವ ಟ್ಯೂಬಿಂಗ್‌ಗೆ ಹೋಗುತ್ತಿಲ್ಲ. ಕೇಸಿಂಗ್‌ಗೆ ಕಟ್ಟಿದ ಫೈಬರ್ ಕೇಬಲ್ ತಳದವರೆಗೂ ತಾಪ ಅಳೆಯುತ್ತದೆ. ಅದರಲ್ಲೂ ಎಲ್ಲೂ ಗೆರೆ ಕದಲಿರಲಿಲ್ಲ. ಶಬ್ದ ಹಿಡಿಯುವ ಉಪಕರಣ ಇಳಿಸಿದೆವು. ಪಂಕ್ಚರ್ ಅಂಗಡಿಯವನು ಟ್ಯೂಬನ್ನು ಕಿವಿಗೆ ಹಿಡಿಯುತ್ತಾನಲ್ಲ, ಹಾಗೇ. ಅದಕ್ಕೂ ಏನೂ ಕೇಳಿಸಲಿಲ್ಲ. ಟ್ಯೂಬಿಂಗ್ ಪೂರ್ತಿ ಎಳೆದು ನೋಡೋಣ ಅಂತ ಮೀಟಿಂಗ್‌ನಲ್ಲಿ ಮಾತು ಶುರುವಾಯಿತು. ನಾನು ಎರಡು ವಾರ ಕೇಳಿಕೊಂಡೆ. ಯಾಕಂದರೆ ಲೀಟರ್ ಲೆಕ್ಕದಲ್ಲಿ ಒಂದು ವಿಚಿತ್ರ ಇತ್ತು. ಕಡುಚಳಿಯ ವಾರಗಳಲ್ಲೇ ಸೋರಿಕೆ ಜಾಸ್ತಿ. ಎರಡು ಕಿಲೋಮೀಟರ್ ಕೆಳಗಿನ ಪ್ಯಾಕರ್‌ಗೆ ಹೊರಗಿನ ಚಳಿ ಹೇಗೆ ಗೊತ್ತಾಗುತ್ತದೆ?

ಹಾಗಾಗಿ ಮೇಲೆ ನೋಡಿದೆವು. ವೆಲ್‌ಹೆಡ್‌ನಲ್ಲಿ, ಅಂದರೆ ಬಾವಿಯ ಬಾಯಿಯಲ್ಲಿ, ಟ್ಯೂಬಿಂಗ್ ತೂಗುವ ಹ್ಯಾಂಗರ್‌ಗೆ ರಬ್ಬರ್ ಸೀಲ್ ಇರುತ್ತದೆ. ಅದರ ಮೇಲಿನ ಪರೀಕ್ಷಾ ರಂಧ್ರಕ್ಕೆ ಗೇಜ್ ಹಾಕಿದರೆ ಮುಳ್ಳು ನಿಧಾನಕ್ಕೆ ಏರಿತು. ಚಳಿಗೆ ರಬ್ಬರ್ ಸೆಟೆದುಕೊಂಡಿತ್ತು. ದ್ರವ ಅಲ್ಲಿ ನುಸುಳಿ, ಬೋಲ್ಟಿನ ಪಕ್ಕದಿಂದ ಹನಿಹನಿಯಾಗಿ ಕೆಳಗಿನ ಗುಂಡಿಯ ಹಿಮಕ್ಕೆ ಬೀಳುತ್ತಿತ್ತು. ಹಿಮದಲ್ಲಿ ಯಾರಿಗೆ ಕಾಣಬೇಕು!

ಬಿಗಿಯುವ ಸ್ಕ್ರೂಗಳನ್ನು ಒಂದು ಸುತ್ತು ತಿರುಗಿಸಿದಾಗ ಸೋರಿಕೆ ಮುಕ್ಕಾಲು ನಿಂತಿತು. ಬೇಸಿಗೆಯಲ್ಲಿ ಬಾವಿ ನಿಲ್ಲಿಸಿ ಸೀಲನ್ನೇ ಬದಲಿಸಿದೆವು.

ಈಗ ಪಾಳಿಯ ಪುಸ್ತಕದಲ್ಲಿ ಒತ್ತಡದ ಪಕ್ಕದಲ್ಲೇ ಲೀಟರ್‌ಗೂ ಒಂದು ಕಾಲಂ ಇದೆ. ಕಳೆದ ತಿಂಗಳು ಅರ್ಧ ಲೀಟರ್ ಕಡಿಮೆ ಬಂತು. ಗೇಜ್ ಬದಲಿಸುವಾಗ ನನ್ನ ಬೂಟಿನ ಮೇಲೇ ಚೆಲ್ಲಿದ್ದು ಅದು. ಅದನ್ನೂ ಬರೆಸಿದ್ದೇನೆ.