ಇಸ್ತ್ರಿಪೆಟ್ಟಿಗೆಯಿಂದ ಪಿಸಿಬಿ: ಕಾಗದದ ಗೆರೆ ತಾಮ್ರದ ಮೇಲೆ

555 ಟೈಮರಿನಂಥ (ಎಂಟು ಕಾಲಿನ ಐಸಿ, ಅಂದರೆ ಚಿಪ್) ಪುಟ್ಟ ಸರ್ಕ್ಯೂಟಿಗೆ ಮನೆಯಲ್ಲೇ ಪಿಸಿಬಿ, ಅಂದರೆ ಬಿಡಿಭಾಗಗಳನ್ನು ತಾಮ್ರದ ಗೆರೆಗಳಿಂದ ಜೋಡಿಸುವ ಬೋರ್ಡ್, ಮಾಡಿಕೊಳ್ಳಲು ಒಂದು ಸಂಜೆ ಸಾಕು. ಗೆರೆಗಳ ಚಿತ್ರವನ್ನು ಕಾಗದದ ಮೇಲೆ ಮುದ್ರಿಸಿ, ಇಸ್ತ್ರಿಯ ಬಿಸಿಯಿಂದ ತಾಮ್ರಕ್ಕೆ ಇಳಿಸಿ, ಉಳಿದ ತಾಮ್ರವನ್ನು ಕರಗಿಸುವುದು ಇದರ ದಾರಿ. ಲೇಸರ್ ಪ್ರಿಂಟರಿನ ಟೋನರ್ ಮೂಲತಃ ಪ್ಲಾಸ್ಟಿಕ್ ಪುಡಿ. ಬಿಸಿಗೆ ಕರಗಿ ತಾಮ್ರಕ್ಕೆ ಕಚ್ಚಿಕೊಳ್ಳುತ್ತದೆ, ಅದು ಮುಚ್ಚಿದ ಜಾಗವನ್ನು ತಾಮ್ರ ಕರಗಿಸುವ ರಾಸಾಯನಿಕವಾದ ಫೆರಿಕ್ ಕ್ಲೋರೈಡ್ ತಿನ್ನಲಾರದು. ಇಂಕ್‌ಜೆಟ್ ಮುದ್ರಣ ಇದಕ್ಕೆ ಬಾರದು.

ಬೇಕಾದ್ದು: 1.6 ಮಿ.ಮೀ. ದಪ್ಪದ ಒಂದು ಬದಿಯ ತಾಮ್ರದ ಬೋರ್ಡ್, ಹಳದಿ ಬಣ್ಣದ ಟೋನರ್ ಟ್ರಾನ್ಸ್‌ಫರ್ ಕಾಗದ, ಫೆರಿಕ್ ಕ್ಲೋರೈಡ್, ಅಸಿಟೋನ್, ಇಸ್ತ್ರಿಪೆಟ್ಟಿಗೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಿಡಿಭಾಗಗಳ ಜೊತೆಗೇ ಇವೂ ಸಿಗುತ್ತವೆ.

ಕಂಪ್ಯೂಟರಿನಲ್ಲಿ ಬೋರ್ಡಿನ ಚಿತ್ರ ಬರೆಯುವಾಗ, ಮೊದಲ ಬೋರ್ಡಿಗೆ ಟ್ರ್ಯಾಕ್ (ತಾಮ್ರದ ಗೆರೆ) 1 ಮಿ.ಮೀ., ಪ್ಯಾಡ್ (ಕಾಲನ್ನು ಬೆಸೆಯುವ ತಾಮ್ರದ ಬೊಟ್ಟು) 2 ಮಿ.ಮೀ. ಇರಲಿ. ಟೋನರ್ ಉಳಿತಾಯದ ಆಯ್ಕೆ ತೆಗೆದು, ಅಳತೆ 100 ಶೇಕಡಾ ಇಟ್ಟು ಮುದ್ರಿಸಿ. ಚಿತ್ರದ ತಾಮ್ರದ ಪದರದಲ್ಲಿ ಒಂದೆರಡು ಅಕ್ಷರ ಹಾಕಿರಿ: ಕಾಗದದ ಮೇಲೆ ಅವು ತಿರುಗುಮುರುಗಾಗಿ ಕಂಡರೆ ಬೋರ್ಡಿನ ಮೇಲೆ ನೇರವಾಗಿ ಬರುತ್ತವೆ. ಐಸಿಯನ್ನು ಮುದ್ರಣದ ಮೇಲಿಟ್ಟು ನೋಡಿ, ಎಂಟೂ ಕಾಲು ಎಂಟು ಪ್ಯಾಡಿನ ನಡುವೆ ಕೂತರೆ ಅಳತೆ ಸರಿ.

ಇನ್ನು ತಾಮ್ರ ತೊಳೆಯುವುದು. ಇಡೀ ಕೆಲಸ ಇಲ್ಲೇ ಗೆಲ್ಲುತ್ತದೆ ಅಥವಾ ಕೆಡುತ್ತದೆ, ಅವಸರ ಬೇಡ. 400 ನಂಬರಿನ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ, ಪಾತ್ರೆ ತೊಳೆಯುವ ಸೋಪು ಹಚ್ಚಿ ನಲ್ಲಿಯ ಕೆಳಗೆ ಹಿಡಿಯಿರಿ. ನೀರು ತೆಳ್ಳಗೆ ಹರಡಿಕೊಂಡರೆ ಬೋರ್ಡ್ ಶುದ್ಧ. ಹನಿಹನಿಯಾಗಿ ಮುದುಡಿದರೆ ಅಲ್ಲಿ ಎಣ್ಣೆ ಜಿಡ್ಡಿದೆ, ಮತ್ತೆ ಉಜ್ಜಬೇಕು. ಒಣಗಿಸಿ, ಅಸಿಟೋನಿನಿಂದ ಒರೆಸಿದ ಮೇಲೆ ಬೆರಳು ತಾಕಿಸಬೇಡಿ, ಒಂದು ಬೆರಳಚ್ಚು ಸಾಕು ಆ ಜಾಗದ ಟ್ರ್ಯಾಕ್ ಏಳಲು.

ಕಾಗದದ ಮುದ್ರಿತ ಬದಿಯನ್ನು ತಾಮ್ರಕ್ಕೆ ಇಟ್ಟು, ಅಲುಗದಂತೆ ಒಂದು ಅಂಚಿಗೆ ಶಾಖ ತಡೆಯುವ ಟೇಪ್ ಹಾಕಿ. ಇಸ್ತ್ರಿಪೆಟ್ಟಿಗೆಯಲ್ಲಿ ನೀರಿರಬಾರದು, ಹತ್ತಿ ಬಟ್ಟೆಯ ಬಿಸಿ ಇರಲಿ. ಮೊದಲು ಅರ್ಧ ನಿಮಿಷ ಅಲ್ಲಾಡಿಸದೆ ಒತ್ತಿ, ಆಮೇಲೆ ಮೂರ್ನಾಲ್ಕು ನಿಮಿಷ ಎಲ್ಲ ಕಡೆ ಸರಿಸಿ, ಅಂಚುಗಳನ್ನು ಮರೆಯಬೇಡಿ. ಬಿಸಿ ಸಾಲದಿದ್ದರೆ ಟೋನರ್ ಕಾಗದದಲ್ಲೇ ಉಳಿಯುತ್ತದೆ. ಒತ್ತಡ ಹೆಚ್ಚಾದರೆ ಕರಗಿದ ಟೋನರ್ ಹರಡಿ ಪಕ್ಕದ ಗೆರೆಗೆ ಸೇರಿಕೊಳ್ಳುತ್ತದೆ. ಬೋರ್ಡ್ ಪೂರ್ತಿ ತಣ್ಣಗಾದ ಮೇಲಷ್ಟೇ ಕಾಗದ ಸುಲಿಯಿರಿ. ಸಣ್ಣ ಬಿರುಕನ್ನು ಪರ್ಮನೆಂಟ್ ಮಾರ್ಕರಿನಿಂದ ಮುಚ್ಚಬಹುದು, ನಾಲ್ಕಾರು ಕಡೆ ಹೋಗಿದ್ದರೆ ಅಸಿಟೋನಿನಿಂದ ಅಳಿಸಿ ಮೊದಲಿಂದ ಮಾಡುವುದೇ ಮೇಲು.

ಪ್ಲಾಸ್ಟಿಕ್ ಡಬ್ಬಿಯಲ್ಲಿ ಅರ್ಧ ಲೀಟರ್ ನೀರಿಗೆ ಸುಮಾರು 200 ಗ್ರಾಂ ಫೆರಿಕ್ ಕ್ಲೋರೈಡನ್ನು ಸ್ವಲ್ಪಸ್ವಲ್ಪವಾಗಿ ಹಾಕಿ. ಪುಡಿಗೆ ನೀರು ಸುರಿಯಬಾರದು, ಒಮ್ಮೆಲೇ ಬಿಸಿಯೇರಿ ಸಿಡಿದೀತು. ಅಲ್ಯೂಮಿನಿಯಂ ಪಾತ್ರೆಯನ್ನೇ ಅದು ತಿನ್ನುತ್ತದೆ, ಹತ್ತಿರ ತರಬೇಡಿ. ಕೈಗವಸು, ಕನ್ನಡಕ ಬೇಕೇ ಬೇಕು, ಬಟ್ಟೆಗೆ ಬಿದ್ದ ಕಲೆ ಹೋಗುವುದಿಲ್ಲ. ದ್ರಾವಣ 40 ಡಿಗ್ರಿ ಬೆಚ್ಚಗಿದ್ದು, ಡಬ್ಬಿಯನ್ನು ಮೆಲ್ಲಗೆ ತೂಗುತ್ತಿದ್ದರೆ ಸುಮಾರು 15–20 ನಿಮಿಷದಲ್ಲಿ ಟೋನರ್ ಮುಚ್ಚದ ತಾಮ್ರವೆಲ್ಲ ಕರಗುತ್ತದೆ. ಆದ ಕೂಡಲೇ ತೆಗೆಯಿರಿ, ಹೆಚ್ಚು ಹೊತ್ತು ಬಿಟ್ಟರೆ ಟೋನರಿನ ಅಡಿಯಿಂದಲೂ ಗೆರೆ ಸವೆಯುತ್ತದೆ.

ದ್ರಾವಣವನ್ನು ಚೀಟಿ ಅಂಟಿಸಿದ ಪ್ಲಾಸ್ಟಿಕ್ ಬಾಟಲಿಯಲ್ಲಿಟ್ಟು ಮತ್ತೆ ಬಳಸಬಹುದು. ಸತ್ವ ಕಳೆದ ಮೇಲೂ ಸಿಂಕಿಗಾಗಲಿ ಗಿಡದ ಬುಡಕ್ಕಾಗಲಿ ಸುರಿಯಲೇಬೇಡಿ: ಅದರಲ್ಲಿ ಕರಗಿರುವ ತಾಮ್ರ ಕೆರೆಯ ಮೀನು, ಪಾಚಿಗಳಿಗೆ ವಿಷ. ಮನೆಯ ಅಪಾಯಕಾರಿ ಕಸವೆಂದು ಬೇರೆಯಾಗಿ ಕೊಡಿ.

ಟೋನರನ್ನು ಅಸಿಟೋನಿನಿಂದ ಒರೆಸಿ, ರೆಸಿಸ್ಟರ್ ಮತ್ತು ಐಸಿಗೆ 0.8 ಮಿ.ಮೀ., 1ಎನ್4007 ಡಯೋಡಿಗೆ 1 ಮಿ.ಮೀ. ತೂತು ಕೊರೆಯಿರಿ. ಬೆಸುಗೆಗೆ ಮುಂಚೆ ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಅಕ್ಕಪಕ್ಕದ ಗೆರೆಗಳನ್ನು ಮುಟ್ಟಿಸಿ ನೋಡಿ. ಸದ್ದು ಬಂದರೆ ನಡುವೆ ತಾಮ್ರದ ಎಳೆ ಉಳಿದಿದೆ, ಬ್ಲೇಡಿನ ತುದಿಯಿಂದ ಕೆರೆದು ಬಿಡಿಸಿ.