ಲೇಸರ್ ಇಲ್ಲದೆ ಮೊಡವೆ ಗುಳಿ ಮೇಲೆತ್ತಿದ ನನ್ನ ಅನುಭವ

ಮಂಡ್ಯದಲ್ಲಿ ನನ್ನದು ಸಣ್ಣ ಚರ್ಮದ ಕ್ಲಿನಿಕ್. ‘ಸಿಒಟು ಲೇಸರ್ ಇಲ್ಲದೆ ಮೊಡವೆ ಗುಳಿಗೆ ಕೈ ಹಾಕಬೇಡಿ ಡಾಕ್ಟ್ರೇ’ ಅಂತ ಮೈಸೂರಿನ ಗೆಳೆಯರು ಹೇಳುತ್ತಲೇ ಇದ್ದರು. ಚರ್ಮದ ಮೇಲ್ಪದರವನ್ನು ಸೂಕ್ಷ್ಮವಾಗಿ ಸುಡುವ ಲೇಸರ್ ಅದು. ಈಗ ನನ್ನ ಪೇಷೆಂಟ್‌ಗಳ ಫೋಟೊ ನೋಡಿ ಅವರೇ ‘ಯಾವ ಮೆಶೀನು?’ ಅಂತ ಕೇಳುತ್ತಾರೆ. ಮೆಶೀನು ಇಲ್ಲ, 18 ಗೇಜ್‌ನ, ಅಂದರೆ ಸ್ವಲ್ಪ ದಪ್ಪನೆಯ, ಇಂಜೆಕ್ಷನ್ ಸೂಜಿ.

ಲೇಸರ್ ನಾನೂ ಮಾಡಿ ನೋಡಿದ್ದೇನೆ. ದಿನಕ್ಕೆ ಸುಮಾರು ಹತ್ತು ಸಾವಿರ ಬಾಡಿಗೆ. ಆ ದಿನ ಮೂವರೂ ಬರದಿದ್ದರೆ ಕೈಯಿಂದಲೇ ಹೋಗುತ್ತಿತ್ತು. ಬಾಕ್ಸ್‌ಕಾರ್ (ಅಂಚು ನೆಟ್ಟಗಿರುವ, ತಳ ಚಪ್ಪಟೆಯಾದ) ಗುಳಿಗಳ ಅಂಚು ಚೆನ್ನಾಗಿ ಇಳಿಯಿತು, ಅದನ್ನು ಒಪ್ಪಲೇಬೇಕು. ಆದರೆ ನಮ್ಮದು ಟೈಪ್ 4, 5 ಚರ್ಮ, ಅಂದರೆ ಗಾಯವಾದರೆ ಬೇಗ ಕಪ್ಪಾಗುವ ಕಂದು ಚರ್ಮ. ಕಬ್ಬಿನ ಗದ್ದೆಯಲ್ಲಿ ಕೆಲಸ ಮಾಡುವ ಹುಡುಗನ ಮುಖದಲ್ಲಿ ಸನ್‌ಸ್ಕ್ರೀನ್ ಬೆವರಿಗೆ ನಿಲ್ಲುವುದಿಲ್ಲ. ಕೆನ್ನೆ ಕಪ್ಪಾಗಿ ಮೂರು ನಾಲ್ಕು ತಿಂಗಳು ಹಾಗೇ ಉಳಿಯಿತು. ‘ಗುಳಿನೇ ವಾಸಿ ಇತ್ತಲ್ಲ ಸಾರ್’ ಅಂದರು ಅವನ ತಾಯಿ. ಅಲೆಯಂತೆ ತಗ್ಗಾಗಿರುವ ರೋಲಿಂಗ್ ಗುಳಿಗಳಂತೂ ಅಲ್ಲಾಡಲೇ ಇಲ್ಲ. ಕೆಳಗೆ ನಾರು ಹಿಡಿದು ಎಳೆಯುತ್ತಿರುವಾಗ ಮೇಲೆ ಸುಟ್ಟು ಏನು ಪ್ರಯೋಜನ?

ಆ ನಾರನ್ನು ಚರ್ಮದ ಕೆಳಗೆ ಸೂಜಿ ಹಾಕಿ ಕತ್ತರಿಸಿ ಬಿಡಿಸುವುದೇ ಸಬ್ಸಿಷನ್. ಅದು 1995ರಲ್ಲೇ ಬಂದದ್ದು. ‘ಗುಳಿ ಮತ್ತೆ ಕೂತುಬಿಡುತ್ತೆ’ ಅನ್ನುವುದೇ ಅದರ ಮೇಲಿನ ದೂರು. ನಿಜ, ಶುರುವಿನಲ್ಲಿ ನನ್ನ ಕೇಸುಗಳೂ ಎರಡು ಮೂರು ವಾರಕ್ಕೆ ಕೂತವು. ಬಿಡಿಸಿದ ನಾರು ಮತ್ತೆ ಅಂಟುತ್ತದೆ. ಮೂರನೇ ದಿನದಿಂದ ಸಣ್ಣ ಕಪ್ ಇಟ್ಟು ಗಾಳಿ ಹೀರಿ ಚರ್ಮವನ್ನು ಮೇಲೆಳೆಯಲು ಶುರುಮಾಡಿದ ಮೇಲೆ ಹಾಗೆ ಕೂರುವುದು ನಿಂತಿತು. ಎಷ್ಟು ಒತ್ತಡ, ಎಷ್ಟು ಹೊತ್ತು ಅನ್ನುವುದು ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಅದಾಗಿ ತಿಂಗಳಿಗೆ ಐಸ್‌ಪಿಕ್ ಗುಳಿಗಳಿಗೆ, ಅಂದರೆ ಕಿರಿದಾದ ಆಳ ತೂತುಗಳಿಗೆ, ಟಿಸಿಎ ಕ್ರಾಸ್: ಟ್ರೈಕ್ಲೋರೊಅಸೆಟಿಕ್ ಆಸಿಡ್ ಹಚ್ಚುವ ಚಿಕಿತ್ಸೆ. 2002ರ ಕೊರಿಯಾದ ವರದಿಯಲ್ಲಿ 65 ಮತ್ತು 100 ಪರ್ಸೆಂಟ್ ಎರಡೂ ಇವೆ. ನಮ್ಮ ಬಣ್ಣಕ್ಕೆ ನಾನು 65ರ ಮೇಲೆ ಹೋಗುವುದಿಲ್ಲ. ತುದಿ ಚೂಪು ಮಾಡಿದ ಕಡ್ಡಿಯಿಂದ ಗುಳಿಯ ತಳಕ್ಕಷ್ಟೇ ಮುಟ್ಟಿಸಬೇಕು, ಅಂಚಿಗೆ ಹರಿದರೆ ಗುಳಿ ಅಗಲವಾಗುತ್ತದೆ. ಕೊನೆಗೆ 1.5 ಮಿಲಿಮೀಟರ್ ಉದ್ದದ ಸಣ್ಣ ಸೂಜಿಗಳಿರುವ ರೋಲರ್, ತಿಂಗಳಿಗೊಂದರಂತೆ ಮೂರೋ ನಾಲ್ಕೋ ಸಿಟ್ಟಿಂಗ್. ಎಲ್ಲಾ ಸೇರಿ ಪೇಷೆಂಟ್‌ಗೆ 12ರಿಂದ 15 ಸಾವಿರ. ಲೇಸರ್‌ನಲ್ಲಿ ಇದರ ದುಪ್ಪಟ್ಟು ಆಗುತ್ತಿತ್ತು.

ಮಧ್ಯೆ ಪಿಆರ್‌ಪಿಯನ್ನೂ (ಪೇಷೆಂಟ್‌ನದೇ ರಕ್ತದಿಂದ ತೆಗೆದ, ಪ್ಲೇಟ್‌ಲೆಟ್ ಹೆಚ್ಚಿರುವ ದ್ರವ) ಪರೀಕ್ಷಿಸಿದೆ. ಒಂದು ಕೆನ್ನೆಗೆ ರೋಲರ್ ಮಾತ್ರ, ಇನ್ನೊಂದಕ್ಕೆ ರೋಲರ್ ಜೊತೆ ಪಿಆರ್‌ಪಿ. ಪಿಆರ್‌ಪಿ ಹಾಕಿದ ಕಡೆ ಕೆಂಪು ಒಂದೆರಡು ದಿನ ಬೇಗ ಇಳಿಯಿತು, ಗುಳಿಯ ಆಳದಲ್ಲಿ ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಈಗ ಕೇಳಿದವರಿಗಷ್ಟೇ ಮಾಡುತ್ತೇನೆ. ಫೋಟೊ ಕಿಟಕಿಯ ಓರೆ ಬೆಳಕಲ್ಲೇ ತೆಗೆಯಿರಿ. ಫ್ಲಾಶ್ ಹಾಕಿದರೆ ಯಾವ ಚಿಕಿತ್ಸೆಯೂ ಗೆದ್ದ ಹಾಗೇ ಕಾಣುತ್ತದೆ.

ಮದುವೆ ಇನ್ನೊಂದು ತಿಂಗಳಿದೆ ಅಂತ ಬರುವವರಿಗೆ ನಾನು ಸೂಜಿ ಮುಟ್ಟುವುದಿಲ್ಲ. ಗುಳಿ ತುಂಬುವ ಕೊಲಾಜನ್ ಅನ್ನುವ ನಾರು ಬೆಳೆಯಲು ಮೂರರಿಂದ ಆರು ತಿಂಗಳಾದರೂ ಬೇಕು. ಹೊಸ ಮೊಡವೆ ಏಳುತ್ತಿದ್ದರೂ ಅಷ್ಟೇ, ಮೊದಲು ಅದು ನಿಲ್ಲಬೇಕು. ಮೂಗಿನ ಪಕ್ಕದ ಆಳವಾದ, ಅಗಲ ಗುಳಿಗಳಿಗೆ ಈ ದಾರಿ ಸಾಲದು. ಅವಕ್ಕೆ ದುಂಡು ಬ್ಲೇಡಿನಿಂದ ಗುಳಿಯನ್ನೇ ಕತ್ತರಿಸುವ ಪಂಚ್ ಬೇಕು, ಅವರನ್ನು ಮೈಸೂರಿಗೇ ಕಳಿಸುತ್ತೇನೆ.