ಘಟ್ಟದ ಕೆಳಗೆ ಗಾಳ, ಲೆಕ್ಕ ಮಾತ್ರ ಘಟ್ಟದ ಮೇಲೆ

ಮೊದಲ ಮಳೆಗೆ ಹತ್ತುಮೀನು ಹಿಡಿಯುವುದನ್ನು ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮಳೆಗಾಲ ಕಳೆದ ಮೇಲೆ ಅಳಿವೆಯ ಉಪ್ಪುನೀರಿನಲ್ಲಿ ಫ್ಲೈ ಗಾಳ ಹಾಕುವುದು ಮಾತ್ರ ಬೇರೆಯೇ ವಿದ್ಯೆ. ಎರೆಹುಳ ಬೇಡ, ಬೆಂಡು ಬೇಡ. ಕೊಕ್ಕೆಗೆ ಕೂದಲು, ಪುಕ್ಕ ಸುತ್ತಿ ಮಾಡಿದ ಹುಸಿ ಮೀನನ್ನು, ಅಂದರೆ ಫ್ಲೈಯನ್ನು, ದಪ್ಪ ಲೈನಿನ ತೂಕದಿಂದಲೇ ಬೀಸಿ ಎಸೆಯಬೇಕು. ಸಾಗರದಿಂದ ಜೋಗ, ಗೇರುಸೊಪ್ಪೆ ಹಾದು ಹೊನ್ನಾವರಕ್ಕೆ ಸುಮಾರು 90 ಕಿ.ಮೀ. ಅಷ್ಟು ದೂರ ಘಾಟಿ ಇಳಿದು ರಾಡಿ ನೀರು ನೋಡಿ ವಾಪಸಾಗಬಾರದೆಂದರೆ ಹೊರಡುವ ಮುಂಚೆ ಮನೆಯಲ್ಲೇ ಮೂರು ಸಂಗತಿ ನೋಡಿಕೊಳ್ಳಿ: ಮಳೆ, ತಿಥಿ, ಗಾಳಿ.

ಯಾವ ಅಳಿವೆ?

ಅಳಿವೆಯ ನೀರಿನ ಬಣ್ಣ ನಿರ್ಧಾರವಾಗುವುದು ಕಡಲಲ್ಲಲ್ಲ, ಘಟ್ಟದ ಮೇಲೆ. ಅಘನಾಶಿನಿಗೆ ಅಣೆಕಟ್ಟಿಲ್ಲ. ಶಿರಸಿ, ಸಿದ್ದಾಪುರದ ಕಡೆ ಜೋರು ಮಳೆ ಬಿದ್ದರೆ ಅದು ಬೇಗ ಕೆಂಪಾಗುತ್ತದೆ, ಮಳೆ ನಿಂತರೆ ಬೇಗ ತಿಳಿಯಾಗುತ್ತದೆ. ಶರಾವತಿ ಹಾಗಲ್ಲ. ಲಿಂಗನಮಕ್ಕಿ ಗರಿಷ್ಠ ಮಟ್ಟವಾದ 1819 ಅಡಿ ಮುಟ್ಟಿ ಗೇಟ್ ತೆರೆದಿದ್ದರೆ ಹೊನ್ನಾವರದ ಆಸೆ ಬಿಡಿ. ಗೇಟ್ ಮುಚ್ಚಿದ್ದರೂ ವಿದ್ಯುತ್ ಉತ್ಪಾದನೆಗೆ ಬಳಸಿದ ನೀರು ಗೇರುಸೊಪ್ಪೆಯಿಂದ ವರ್ಷವಿಡೀ ಬರುತ್ತಿರುವುದರಿಂದ ಅಲ್ಲಿ ಉಪ್ಪು ಕಡಿಮೆ. ಪತ್ರಿಕೆಯಲ್ಲಿ ಬರುವ ಜಲಾಶಯದ ಮಟ್ಟವನ್ನು ರೈತರಷ್ಟೇ ಓದಬೇಕೆಂದೇನೂ ಇಲ್ಲ.

ಅಂದಾಜಿಗೆ ಹೀಗಿಟ್ಟುಕೊಳ್ಳಿ. ಹಸ್ತಾ ಮಳೆಯಲ್ಲಿ, ಅಂದರೆ ಅಕ್ಟೋಬರ್ 10ರವರೆಗೆ, ನೀರಿನ ಭರವಸೆ ಇಲ್ಲ. ಚಿತ್ತೆಯಲ್ಲಿ ಮಳೆ ಬಿಡುವು ಕೊಟ್ಟು ಮೂರ್ನಾಲ್ಕು ದಿನವಾಗಿದ್ದರೆ ಅಘನಾಶಿನಿ. ಸ್ವಾತಿ ಮುಗಿಯುವ ನವೆಂಬರ್ ಮೊದಲ ವಾರದಿಂದ ಎರಡೂ ಸರಿ.

ಹೋದ ಮೇಲೆ ಮೊದಲ ಕೆಲಸ ಪರೀಕ್ಷೆ. ಬಿಳಿ ಫ್ಲೈಯನ್ನು ರಾಡ್ ತುದಿಗೆ ಹಿಡಿದು ನೀರಿಗಿಳಿಸುತ್ತ ಹೋಗಿ. ಒಂದೂವರೆ ಅಡಿ ಆಳದಲ್ಲೂ ಕಾಣುತ್ತಿದ್ದರೆ ಬೀಸಬಹುದು. ಗೇಣುದ್ದದಲ್ಲೇ ಮಾಯವಾದರೆ ಅಲ್ಲಿ ಹೊತ್ತು ಕಳೆಯಬೇಡಿ, ಸಮುದ್ರದ ಬಾಯಿಯತ್ತ ಸರಿಯಿರಿ.

ಭರತವೋ ಇಳಿತವೋ

ಹೆಚ್ಚಿನವರು ಎಡವುವುದು ಇಲ್ಲಿ. ಈ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಎರಡೂ ಭರತ ಒಂದೇ ಎತ್ತರಕ್ಕೆ ಬರುವುದಿಲ್ಲ. ಇವತ್ತು ಬೆಳಿಗ್ಗೆ 9ಕ್ಕೆ ತುಂಬಿದ ನೀರು ನಾಳೆ ತುಂಬುವುದು ಸುಮಾರು 50 ನಿಮಿಷ ತಡವಾಗಿ. ಕಾರವಾರದ ಟೈಡ್ ಟೇಬಲ್ ಮೊಬೈಲ್‌ನಲ್ಲೇ ಸಿಗುತ್ತದೆ. ಆದರೆ ಅಳಿವೆಯ ಒಳಗೆ ಹೋದಷ್ಟೂ ಹೊತ್ತು ಹಿಂದೆ ಬೀಳುತ್ತದೆ, ಆದ್ದರಿಂದ ನೀವು ನಿಲ್ಲುವ ಜಾಗದಲ್ಲೇ ಒಮ್ಮೆ ಗುರುತು ಹಾಕಿಕೊಳ್ಳಿ.

ತಿಥಿಗೆ ಪಂಚಾಂಗ ಸಾಕು. ಅಮಾವಾಸ್ಯೆ, ಹುಣ್ಣಿಮೆಯಾದ ಒಂದೆರಡು ದಿನಕ್ಕೆ ಏರಿಳಿತ ಅತಿ ಹೆಚ್ಚು. ಸೆಳೆತ ಜೋರು, ತಳದ ಕೆಸರೂ ಎದ್ದಿರುತ್ತದೆ. ಅಷ್ಟಮಿ ಕಳೆದ ಮೇಲೆ ನೀರು ಸೋಮಾರಿ. ಸಿಗಡಿ, ಮರಿಮೀನು ಅಲುಗುವುದಿಲ್ಲ, ದೊಡ್ಡ ಮೀನೂ ಹೊರಡುವುದಿಲ್ಲ. ಪಂಚಮಿಯಿಂದ ಸಪ್ತಮಿ ಅನುಕೂಲ, ಏಕಾದಶಿಯಿಂದ ತ್ರಯೋದಶಿಯೂ ಆದೀತು. ದೀಪಾವಳಿ ರಜೆ ಬೀಳುವುದೇ ಅಮಾವಾಸ್ಯೆ, ಪಾಡ್ಯಕ್ಕೆ. ಹಬ್ಬದೂಟ ಮುಗಿಸಿ ಐದನೆಯ ದಿನ ಹೊರಡುವವರು ಜಾಣರು.

ಮಳೆ ನಿಂತ ಹೊಸತರಲ್ಲಿ ಭರತ ಮೇಲು. ಕಡಲಿನ ಹಸಿರು ತಿಳಿನೀರು ಒಳಬರುವಾಗ ನದಿಯ ಕೆಂಪು ನೀರಿಗೆ ತಾಗಿ ಗೆರೆ ಎಳೆದಂತೆ ಕಾಣುತ್ತದೆ. ಹಸಿರು ಬದಿಗೆ ಎಸೆದು ಗೆರೆಯ ಉದ್ದಕ್ಕೂ ಎಳೆಯಿರಿ. ನವೆಂಬರ್ ಹೊತ್ತಿಗೆ ಇದು ತಿರುವುಮುರುವಾಗುತ್ತದೆ. ಆಗ ಇಳಿತದ ಕೊನೆಯ ಎರಡು ಗಂಟೆ ಉತ್ತಮ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಸಣ್ಣ ಕೋಡಿಗಳು ಬತ್ತುತ್ತ ಸಿಗಡಿ ಹೊರಗೆ ಬರಲೇಬೇಕಾಗುತ್ತದೆ, ಬೇಟೆ ಮೀನುಗಳಾದ ಕುರುಡಿ ಮತ್ತು ಕೆಂಬೇರಿ ಅಲ್ಲೇ ಕೋಡಿಯ ಬಾಯಲ್ಲಿ ಕಾದಿರುತ್ತವೆ.

ಸಲಕರಣೆ

9 ಅಡಿಯ, 8ನೇ ನಂಬರಿನ ರಾಡ್ (ನಂಬರ್ ಹೇಳುವುದು ಎಸೆಯುವ ಲೈನಿನ ತೂಕ). ಗಾಳಿ ಹೆಚ್ಚಿದ್ದರೆ 9ನೇ ನಂಬರ್. ಉಪ್ಪಿಗೆ ತಡೆಯುವ ಸೀಲ್ಡ್ ರೀಲ್, ಅದರಲ್ಲಿ 20 ಪೌಂಡಿನ ಬ್ಯಾಕಿಂಗ್ (ಲೈನಿನ ಹಿಂದೆ ಸುತ್ತಿಡುವ ತೆಳು ದಾರ) 150 ಮೀಟರ್. ಲೈನ್ ಕೊಳ್ಳುವಾಗ ಉಷ್ಣವಲಯಕ್ಕೆಂದೇ ಮಾಡಿದ್ದನ್ನು ಕೇಳಿ. ಈ ಕಾಲದಲ್ಲಿ ನೀರೇ 28-30 ಡಿಗ್ರಿ ಇರುತ್ತದೆ. ತಣ್ಣೀರಿನ ಟ್ರೌಟ್ ಲೈನ್ ಬಿಸಿಲಿಗೆ ಮೆತ್ತಗಾಗಿ ರಾಡಿನ ಬಳೆಗಳಿಗೆ ಅಂಟಿಕೊಳ್ಳುತ್ತದೆ, ದೂರ ಹೋಗುವುದಿಲ್ಲ.

ತೇಲುವ ಲೈನಿಗಿಂತ ನಿಧಾನ ಮುಳುಗುವ ಇಂಟರ್‌ಮೀಡಿಯೆಟ್ ಲೈನ್ ಹೆಚ್ಚು ಕೆಲಸಕ್ಕೆ ಬರುತ್ತದೆ. ಉಪ್ಪುನೀರು ಭಾರ, ಸಿಹಿನೀರಿನ ಕೆಳಗೆ ನುಸುಳಿಕೊಂಡು ಬರುತ್ತದೆ. ಮೇಲಿನ ನೀರು ಬಾಯಿಗೆ ಸಪ್ಪೆ ಇದ್ದರೂ ಅಡಿಯಲ್ಲಿ ಉಪ್ಪಿರುತ್ತದೆ, ಕಡಲ ಮೀನು ಬರುವುದು ಆ ಪದರದ ಜೊತೆಗೆ. ಲೈನ್ ನೀರಿಗೆ ಬಿದ್ದ ಮೇಲೆ ಹತ್ತರಿಂದ ಹದಿನೈದು ಎಣಿಸಿ, ಆಮೇಲೆ ಎಳೆಯಲು ಶುರುಮಾಡಿ.

ಲೀಡರ್, ಅಂದರೆ ಲೈನಿಗೂ ಫ್ಲೈಗೂ ನಡುವಿನ ತೆಳು ದಾರ, 7ರಿಂದ 9 ಅಡಿ, ತುದಿ 20 ಪೌಂಡ್. ಅದರ ಮುಂದೆ 40 ಪೌಂಡಿನ ಫ್ಲೂರೋಕಾರ್ಬನ್ ದಾರ ಒಂದೂವರೆ ಅಡಿ ಸೇರಿಸಲೇಬೇಕು. ಕುರುಡಿಯ ಕಿವಿರಿನ ಮುಚ್ಚಳದ ಅಂಚು ಬ್ಲೇಡಿನಂತೆ. ಅದು ತಲೆ ಕೊಡವಿದರೆ ತೆಳು ದಾರ ಕಚಕ್ಕನೆ ಹೋಗುತ್ತದೆ. ಫ್ಲೈಯನ್ನು ಬಿಗಿ ಗಂಟಿನ ಬದಲು ಜಾರದ ಕುಣಿಕೆ ಗಂಟಿನಲ್ಲಿ ಕಟ್ಟಿದರೆ ಅದು ಬಾಲ ಆಡಿಸಿದಂತೆ ಅಲುಗುತ್ತದೆ. ಗಂಟು ಬಿಗಿಯುವ ಮೊದಲು ಎಂಜಲು ಹಚ್ಚಿ. ಫ್ಲೈ ಎಂದರೆ ಲೋಹದ ಕಣ್ಣಿನ ಕ್ಲೌಸರ್ ಮಿನ್ನೋ, 1/0 ಅಥವಾ 2/0 ಕೊಕ್ಕೆಗೆ, ಮೂರಿಂಚಿನಿಂದ ನಾಲ್ಕಿಂಚು ಉದ್ದ. ತಿಳಿನೀರಿಗೆ ಬಿಳಿ-ಹಸಿರು, ಕದಡಿದ ನೀರಿಗೆ ಕಪ್ಪು ಅಥವಾ ಕಡುನೇರಳೆ. ಮಸುಕಿನಲ್ಲಿ ಮೀನಿಗೆ ಬಣ್ಣಕ್ಕಿಂತ ನೆರಳಿನ ಆಕಾರ ಕಾಣುತ್ತದೆ.

ಬೀಸುವುದು, ಎಳೆಯುವುದು

ಬೀಸುವ ಅಭ್ಯಾಸ ಊರಲ್ಲೇ ಆಗಲಿ. ಕೊಕ್ಕೆಯ ಬದಲು ಉಲ್ಲನ್ ತುಂಡು ಕಟ್ಟಿ ಶಾಲೆ ಮೈದಾನದ ಹುಲ್ಲಿನ ಮೇಲೆ ಬೀಸಿ. ಅಡಿಕೆ ಅಂಗಳದ ಸಿಮೆಂಟ್ ಬೇಡ, ಲೈನಿನ ಮೈ ಸವೆಯುತ್ತದೆ. 50 ಅಡಿ ನೇರ ಹೋದರೆ ಅಳಿವೆಗೆ ಸಾಕು.

ಮುಂಜಾನೆ ನೆಲದ ಕಡೆಯಿಂದ ಮೆಲುಗಾಳಿ. 11ರ ಹೊತ್ತಿಗೆ ಕಡಲ ಗಾಳಿ ಏಳುತ್ತದೆ, ಪಶ್ಚಿಮ ಅಥವಾ ವಾಯವ್ಯದಿಂದ. ಹೊನ್ನಾವರ ಸೇತುವೆಯ ಉತ್ತರ ದಡದಲ್ಲಿ ನದಿಗೆ ಮುಖ ಮಾಡಿದರೆ ಗಾಳಿ ಬಲಹೆಗಲಿಗೆ ಬಡಿಯುತ್ತದೆ. ಬಲಗೈಯಲ್ಲಿ ಬೀಸುವವರ ಕೊಕ್ಕೆ ಕಿವಿಗೇ ಬಂತು ಎಂದುಕೊಳ್ಳಿ. ಕಾಸರಕೋಡು ಬದಿಯಲ್ಲಿ ಅದೇ ಗಾಳಿ ಎಡಕ್ಕೆ. ಎಲ್ಲಿ ನಿಂತರೂ ಕನ್ನಡಕ, ಟೋಪಿ ಕಡ್ಡಾಯ.

ಎಳೆಯುವಾಗ ರಾಡ್ ತುದಿ ನೀರಿಗೆ ತಾಗುವಷ್ಟು ತಗ್ಗಿರಲಿ. ಎಡಗೈಯಲ್ಲಿ ಗೇಣುಗೇಣಾಗಿ ಎರಡು ಸಲ ಚುರುಕಾಗಿ ಎಳೆದು ಒಂದು ಕ್ಷಣ ಬಿಡಿ. ಮೀನು ಕಚ್ಚುವುದು ಬಹುಪಾಲು ಆ ಬಿಡುವಿನಲ್ಲಿ. ಕಚ್ಚಿದ ಕೂಡಲೇ ಹೊಳೆಯಲ್ಲಿ ಮಾಡುವಂತೆ ರಾಡ್ ಮೇಲೆತ್ತಬೇಡಿ: ಬಳುಕುವ ತುದಿಯೇ ಎಳೆತವನ್ನೆಲ್ಲ ನುಂಗಿ ಕೊಕ್ಕೆ ಗಟ್ಟಿ ದವಡೆಗೆ ನಾಟುವುದಿಲ್ಲ. ರಾಡ್ ನೇರ ಇಟ್ಟು ಎಡಗೈಯಲ್ಲೇ ಲೈನನ್ನು ಬಲವಾಗಿ ಹಿಂದಕ್ಕೆಳೆಯಿರಿ. ತಪ್ಪಿದರೂ ಫ್ಲೈ ಅಲ್ಲೇ ಉಳಿಯುತ್ತದೆ, ಮೀನು ಮತ್ತೆ ತಿರುಗಿ ಬಂದೀತು. ಕೆಂಬೇರಿಯಾದರೆ ಮೊದಲ ಐದು ಸೆಕೆಂಡ್ ಒಂದಿಂಚೂ ಬಿಡಬೇಡಿ, ಬೇರಿನ ಸಂದಿಗೆ ಹೊಕ್ಕರೆ ಮುಗಿಯಿತು.

ಜೋಪಾನ

ನೀರಿಗಿಳಿದರೆ ಹೆಜ್ಜೆ ಎತ್ತಿಡದೆ ಕಾಲು ಉಜ್ಜುತ್ತ ನಡೆಯಿರಿ. ಮರಳಿನಲ್ಲಿ ಹುದುಗಿದ ತೊರಕೆ ಮೀನು ತುಳಿತಕ್ಕೆ ಸಿಕ್ಕರೆ ಬಾಲದ ಮುಳ್ಳು ಚುಚ್ಚುತ್ತದೆ. ಚಿಪ್ಪು ಕುಯ್ಯುವುದರಿಂದ ಗಟ್ಟಿ ತಳದ ಶೂ ಬೇಕು. ಇಳಿತದಲ್ಲಿ ಅಳಿವೆ ಬಾಯಿಯ ಮರಳುದಿಬ್ಬಕ್ಕೆ ಹೋಗಲೇಬೇಡಿ. ಚಿತ್ತೆ, ಸ್ವಾತಿಯ ಸಂಜೆಗಳಲ್ಲಿ ಗುಡುಗು ಕೇಳಿದೊಡನೆ ರಾಡ್ ಕೆಳಗಿಡಿ, ಕಾರ್ಬನ್ ಫೈಬರ್ ಮಿಂಚಿಗೆ ದಾರಿ ಕೊಡುತ್ತದೆ. ಬಲೆ ಹಾಕಿದವರು, ಚಿಪ್ಪು ಹೆಕ್ಕುವವರು ಇದ್ದ ಕಡೆ ಕೇಳಿಕೊಂಡೇ ನಿಲ್ಲಿ, ಅವರ ಹೊಟ್ಟೆಪಾಡು ಅದು.

ಮನೆಗೆ ಬಂದ ರಾತ್ರಿಯೇ ರಾಡ್, ರೀಲ್, ಲೈನನ್ನು ಸಿಹಿನೀರಿನಲ್ಲಿ ತೊಳೆಯಿರಿ. ನಲ್ಲಿಯ ನೀರನ್ನು ಜೋರಾಗಿ ಬಿಡಬಾರದು, ಉಪ್ಪು ರೀಲಿನ ಒಳಕ್ಕೆ ಹೋಗುತ್ತದೆ. ಬಳಸಿದ ಫ್ಲೈಗಳನ್ನು ಒಣಗಿಸದೆ ಡಬ್ಬಿಗೆ ಹಾಕಿದರೆ ಒಂದರ ತುಕ್ಕು ಉಳಿದವಕ್ಕೂ ಹತ್ತುತ್ತದೆ.